ಸಿಪಾಯಿಯ ಗಂಡ

ಅರ್ಜಿಯಲ್ಲಿ ಒಟ್ಟು ನಲವತ್ತೆರಡು ಕಲಂಗಳಿದ್ದವು. ನಲವತ್ತೊಂದನ್ನು ತುಂಬಲು ಮೌನಿಗೆ ಒಂದು ಸಂಜೆ ಸಾಕಾಯಿತು. ಉಳಿದ ಒಂದಕ್ಕೆ ಒಂದು ವರ್ಷ ಎರಡು ತಿಂಗಳು ಹಿಡಿಯಿತು. ಆ ಕಲಂನ ಮುಂದೆ ಅಚ್ಚಾಗಿದ್ದದ್ದು ಇಷ್ಟೇ: ‘ಮೃತ ಸೈನಿಕನ ವಿಧವೆಯ ಹೆಸರು.’

ಅವನು ಗಂಡಸು. ಸೇನೆಯಲ್ಲಿದ್ದವಳು, ತೀರಿಕೊಂಡವಳು, ಅವನ ಹೆಂಡತಿ.

ಮೌನಿ ಎನ್ನುವುದು ಮನೆಯವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಬಸ್ ಡಿಪೋದ ಎದುರು, ಬೀಗ ರಿಪೇರಿಯವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ ಇಕ್ಕಟ್ಟಾಗಿ ಕುಳಿತಿರುವ ಎರಡು ಕುರ್ಚಿಯ ಕ್ಷೌರದಂಗಡಿ ಅವನದು. ಬೇರೆ ಅಂಗಡಿಗಳಲ್ಲಿ ಕತ್ತರಿಗಿಂತ ಬಾಯಿ ಜೋರು. ಇಲ್ಲಿ ಕತ್ತರಿಯ ಸದ್ದು ಬಿಟ್ಟರೆ ಬಸ್ಸುಗಳು ಹಿಂದೆ ಸರಿಯುವಾಗಿನ ಸೀಟಿ ಮಾತ್ರ. ಪಾಳಿ ಮುಗಿಸಿ ಬಂದ ಡ್ರೈವರುಗಳಿಗೆ ಬೇಕಾದದ್ದೂ ಅದೇ. ಬಂದು ಕೂತು, ಕಣ್ಣು ಮುಚ್ಚಿ, ಒಂದು ಜೋಂಪು ತೆಗೆದು ಎದ್ದು ಹೋಗುತ್ತಿದ್ದರು. “ಎಷ್ಟು ಗಿಡ್ಡ?” ಎಂದು ಶುರುವಿನಲ್ಲಿ ಒಂದು ಮಾತು, “ಆಯ್ತು” ಎಂದು ಕೊನೆಯಲ್ಲಿ ಇನ್ನೊಂದು. ದಿನವಿಡೀ ದುಡಿದರೂ ಅವನ ಬಾಯಿಂದ ನೂರು ಮಾತು ಉದುರಿದರೆ ಹೆಚ್ಚು.

ಹದಿನಾರು ವರ್ಷದ ಹಿಂದೆ ಅದೇ ಅಂಗಡಿಯ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಿದ್ದಳು. ಸೊಂಟ ಮುಟ್ಟುವ ಜಡೆ, ಕೈಯಲ್ಲಿ ಸರ್ಕಾರಿ ಲಕೋಟೆ.

“ಕತ್ತರಿಸ್ತೀರಾ?” ಎಂದಳು.

“ಇದು ಗಂಡಸರ ಸಲೂನು.”

“ಬೋರ್ಡು ಓದೋಕೆ ಬರುತ್ತೆ ನನಗೆ. ನಾಳೆ ಬೆಳಿಗ್ಗೆ ಸೇನೆಗೆ ಸೇರ್ಬೇಕು. ಹೆಂಗಸರ ಪಾರ್ಲರ್‌ನಲ್ಲಿ ಇಷ್ಟು ಗಿಡ್ಡ ಮಾಡಲ್ಲ ಅಂದ್ರು. ಗಂಡಸರ ಅಂಗಡೀಲಿ ಹೆಂಗಸರನ್ನ ಕೂರಿಸಲ್ಲ ಅಂದ್ರು. ನನ್ನ ತಲೆ ಯಾರ ಪಾಲಿಗೆ ಬರುತ್ತೆ ನೀವೇ ಹೇಳಿ.”

ಮೌನಿ ಟವೆಲ್ಲಿನಿಂದ ಕುರ್ಚಿ ಝಾಡಿಸಿದ. ಅವನ ಮಟ್ಟಿಗೆ ಅದೇ ಉತ್ತರ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಅವಳು ಅಲ್ಲಿಗೇ ಬಂದಳು. ಸೇನೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದಳು. ಗುಡ್ಡದ ದಾರಿಗಳ ಕತೆ, ಮಂಜಿನಲ್ಲಿ ಕೆಟ್ಟು ನಿಂತ ಇಂಜಿನ್ನುಗಳ ಕತೆ, ಎಲ್ಲವನ್ನೂ ಕನ್ನಡಿಯೊಳಗಿನ ಅವನಿಗೆ ಹೇಳುತ್ತಿದ್ದಳು. ಮೂರನೆಯ ರಜೆಯಲ್ಲಿ ಮೌನಿ ತನ್ನ ಜೀವಮಾನದಲ್ಲೇ ಉದ್ದನೆಯದೊಂದು ಮಾತಾಡಿದ. “ರಜೆ ಮುಗಿದ ಮೇಲೂ ನೀವು ಇಲ್ಲಿಗೆ ಬರ್ತಾ ಇರ್ಬೇಕು ಅನ್ಸುತ್ತೆ ನನಗೆ.”

“ರಜೆ ಮುಗಿದ ಮೇಲೆ ಹೇಗೆ ಬರೋದು? ಅದಕ್ಕೆ ಮದುವೆ ಆಗ್ಬೇಕಾಗುತ್ತೆ,” ಎಂದಳು ಅವಳು.

ಆದರು.

ಬೀದಿಯವರು ಅವನನ್ನು ‘ಸಿಪಾಯಿಯ ಗಂಡ’ ಎಂದು ಆಡಿಕೊಳ್ಳುತ್ತಿದ್ದರು. ಅವನಿಗೆ ಅದರಲ್ಲಿ ಬೇಸರವೇನೂ ಕಾಣಲಿಲ್ಲ. ಹೌದಲ್ಲ, ಸಿಪಾಯಿಯ ಗಂಡನೇ. ಮಗಳು ಹುಟ್ಟಿದಳು. ಮಗುವಿಗೆ ಐದು ತುಂಬಿದ ವರ್ಷ, ಒಂದು ತಿರುವಿನಲ್ಲಿ ರಸ್ತೆಯ ಅಂಚು ಕುಸಿದು ಆಂಬುಲೆನ್ಸ್ ವಾಲಿಕೊಂಡಿತು. ಹಿಂದೆ ಮಲಗಿದ್ದ ನಾಲ್ಕು ಜನ ರೋಗಿಗಳನ್ನು ಇಳಿಸುವವರೆಗೂ ಅವಳು ಬ್ರೇಕಿನ ಮೇಲಿಟ್ಟ ಕಾಲು ತೆಗೆಯಲಿಲ್ಲ. ನಾಲ್ಕನೆಯವನು ಇಳಿದ ಮೇಲೆ ಗಾಡಿ ಅವಳನ್ನು ಹೊತ್ತುಕೊಂಡೇ ಜಾರಿತು. ಬೆನ್ನುಮೂಳೆ ಮುರಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ.

ಗಾಲಿಕುರ್ಚಿಯಲ್ಲಿ ಮನೆಗೆ ಬಂದವಳ ಜೊತೆ ಒಂದು ಪದಕ ಬಂತು, ಒಂದು ಆರೋಗ್ಯ ಕಾರ್ಡೂ ಬಂತು. ಸೇವೆಯಲ್ಲಿ ಅಂಗವಿಕಲರಾದವರಿಗೂ ಅವರ ಮನೆಯವರಿಗೂ ಸೇನೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಎಲ್ಲ. ಪದಕ ಬೀರುವಿನೊಳಗೆ ಸೇರಿತು. ಕಾರ್ಡು ಬಾಗಿಲ ಪಕ್ಕದ ಮೊಳೆಗೆ, ಬೀಗದ ಕೈಯ ಜೊತೆ ನೇತಾಡಿತು. ಮಗಳನ್ನು ನೋಡಿಕೊಳ್ಳಲೆಂದು ಮೌನಿಯ ಅತ್ತೆ, ಹೆಂಡತಿಯ ಅಮ್ಮ, ತನ್ನ ಟ್ರಂಕು ಎತ್ತಿಕೊಂಡು ಬಂದವರು ಮತ್ತೆ ಹೋಗಲೇ ಇಲ್ಲ.

ಏಳು ವರ್ಷವಾದಾಗ ಮಗು ಕೊಡಗಟ್ಟಲೆ ನೀರು ಕುಡಿಯತೊಡಗಿತು. ಕಡ್ಡಿಯಂತೆ ಸೊರಗಿತು. ಮಕ್ಕಳಿಗೆ ಬರುವ ಜಾತಿಯ ಸಕ್ಕರೆ ಕಾಯಿಲೆ ಎಂದರು ಡಾಕ್ಟರು. ಬದುಕಿರುವಷ್ಟು ದಿನ ಇನ್ಸುಲಿನ್, ದಿನಕ್ಕೆ ನಾಲ್ಕು ಸಲ. ಅಜ್ಜಿ ಅತ್ತರು. ಮೌನಿ ಇನ್ನಷ್ಟು ಮೌನಿಯಾದ. ಮಗುವಿನ ಅಮ್ಮ ಮಾತ್ರ ಪೆನ್ನಿನಂಥ ಆ ಸೂಜಿಯನ್ನು ಕೈಗೆತ್ತಿಕೊಂಡು, “ಬಾ ಇಲ್ಲಿ. ಇದು ಗೇರ್ ಇದ್ದ ಹಾಗೆ. ಒಂದು ಟಿಕ್ಕಿಗೆ ಒಂದು ಪಾಯಿಂಟು. ಎಣಿಸು,” ಎಂದು ತನ್ನ ಸ್ಪರ್ಶವಿಲ್ಲದ ತೊಡೆಗೇ ಬರಿಯ ಸೂಜಿ ಚುಚ್ಚಿ ತೋರಿಸಿದಳು. ವಾರದೊಳಗೆ ಮಗು ತಾನೇ ಚುಚ್ಚಿಕೊಳ್ಳುವುದನ್ನು ಕಲಿಯಿತು.

ಬೆನ್ನು ಮುರಿದವರನ್ನು ಕಾಡುವ ಮೂತ್ರಪಿಂಡದ ಸೋಂಕು ಅವಳನ್ನೂ ಬಿಡಲಿಲ್ಲ. ಮಗಳಿಗೆ ಹತ್ತು ತುಂಬಿದ ವರ್ಷ, ಒಂದು ಮಧ್ಯಾಹ್ನ, ಆಸ್ಪತ್ರೆಯ ಕಿಟಕಿಯಾಚೆ ಯಾರೋ ಗಾಡಿಯನ್ನು ಹಿಂದೆ ತೆಗೆಯುತ್ತಿದ್ದಾಗ, “ಕ್ಲಚ್ ಹಾಳ್ಮಾಡ್ತಾನೆ ಇವನು,” ಎಂದಳು. ಮೌನಿ ಎದ್ದು ಹೋಗಿ ಕಿಟಕಿ ಮುಚ್ಚಿ ಬರುವಷ್ಟರಲ್ಲಿ ಅವಳು ಇರಲಿಲ್ಲ.

ಮೂರನೇ ತಿಂಗಳು, ಮಗಳ ಇನ್ಸುಲಿನ್ನಿಗೆ ಹೋದಾಗ, ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿದ್ದವನು ಕಾರ್ಡನ್ನು ಯಂತ್ರದಲ್ಲಿ ಎರಡು ಸಲ ಉಜ್ಜಿ ನೋಡಿ ವಾಪಸು ಕೊಟ್ಟ.

“ಈ ಕಾರ್ಡು ಮುಚ್ಚಿಹೋಗಿದೆ. ಕಾರ್ಡುದಾರರು ತೀರಿಕೊಂಡಿದ್ದಾರೆ ಅಂತ ತೋರಿಸ್ತಿದೆ.”

“ಹೌದು. ತೀರಿಕೊಂಡಿದ್ದಾರೆ.”

“ಹಾಗಾದ್ರೆ ವಿಧವೆ ಹೆಸರಲ್ಲಿ ಹೊಸದು ಮಾಡಿಸ್ಬೇಕು. ನಾಲ್ಕನೇ ಕೌಂಟರಿಗೆ ಹೋಗಿ.”

ಸೈನಿಕರ ಆರೋಗ್ಯ ಕಚೇರಿ ಆಸ್ಪತ್ರೆಯ ಹಿಂದಿನ ಹಳೇ ಕಟ್ಟಡದಲ್ಲಿತ್ತು. ಉದ್ದನೆಯ ಹಜಾರ, ಮರದ ಬೆಂಚುಗಳು, ಮೂಲೆಯಲ್ಲಿ ನಲ್ಲಿ ಸೋರುವ ನೀರಿನ ಡ್ರಮ್ಮು. ನಾಲ್ಕನೇ ಕೌಂಟರಿನಲ್ಲಿ ಕನ್ನಡಕವನ್ನು ದಾರದಲ್ಲಿ ಕೊರಳಿಗೆ ನೇತುಹಾಕಿಕೊಂಡ, ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತೆ. ಅರ್ಜಿ ನೋಡಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು.

“ವಿಧವೆನೇ ಬಂದು ಸಹಿ ಹಾಕ್ಬೇಕು. ಅವರ ಪರವಾಗಿ ತಂದ್ರೆ ನಡೆಯಲ್ಲ.”

“ನಾನೇ,” ಎಂದ ಮೌನಿ.

“ನೀವೇ ಏನು?”

“ವಿಧವೆ.”

ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ಗುಮಾಸ್ತೆ ನಗಲಿಲ್ಲ. ಅವನ ಮುಖ ನೋಡಿ, ಪದಕದ ಪ್ರತಿ, ಮದುವೆಯ ಪ್ರಮಾಣಪತ್ರ, ಮರಣಪತ್ರ ಎಲ್ಲವನ್ನೂ ತಿರುವಿ ಹಾಕಿ, ಕಂಪ್ಯೂಟರಿನಲ್ಲಿ ಅವನ ಹೆಸರು ಬಡಿದಳು. ‘ಲಿಂಗ’ ಎಂಬಲ್ಲಿ ‘ಪುರುಷ’ ಒತ್ತಿದ ಕೂಡಲೇ ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತು. ಮತ್ತೆ ಬಡಿದಳು. ಮತ್ತೆ ಕೆಂಪು.

“ಕಂಪ್ಯೂಟರ್ ತಗೊಳ್ತಾ ಇಲ್ಲ ಕಣ್ರೀ. ಇಂಥ ಕೇಸು ಇದೇ ಮೊದಲು. ಮೇಲಿನವರನ್ನ ಕೇಳಿ ಹೇಳ್ತೀನಿ, ಮುಂದಿನ ವಾರ ಬನ್ನಿ.”

ಮುಂದಿನ ವಾರ ಬಂದ. ಅದರ ಮುಂದಿನ ವಾರವೂ ಬಂದ. ಅಂಗಡಿಗೆ ವಾರಕ್ಕೊಂದು ರಜೆ, ಆ ದಿನವೆಲ್ಲ ಆ ಬೆಂಚಿಗೇ ಮೀಸಲಾಯಿತು. ಒಮ್ಮೆ ಸಾಹೇಬರು ಪ್ರವಾಸದಲ್ಲಿದ್ದರು, ಒಮ್ಮೆ ಸಭೆಯಲ್ಲಿದ್ದರು, ಒಮ್ಮೆ ಕಡತವೇ ಎಲ್ಲೋ ಸಂಚಾರ ಹೊರಟಿತ್ತು. ಏಳನೆಯ ಸಲ ಮೌನಿ, “ಬಾಯಿಮಾತು ಬೇಡ ಮೇಡಂ. ಯಾಕೆ ಆಗಲ್ಲ ಅಂತ ಬರೆದುಕೊಡಿ,” ಎಂದ. ಎರಡು ವಾರದ ನಂತರ ಒಂದು ಕಾಗದ ಕೈಗೆ ಬಂತು. ‘ಇದು ಈ ಬಗೆಯ ಮೊದಲ ಪ್ರಕರಣವಾಗಿರುವುದರಿಂದ ಸದ್ಯಕ್ಕೆ ಪರಿಗಣಿಸಲು ಅವಕಾಶವಿರುವುದಿಲ್ಲ.’ ಕೆಳಗೆ ಸಹಿ, ಮೊಹರು, ತಾರೀಖು.

ಅದನ್ನು ಕೊಡುವಾಗ ಗುಮಾಸ್ತೆ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. “ನನ್ನ ಮಾತು ಕೇಳಿ. ಇನ್ನೊಂದು ದಾರಿ ಇದೆ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಸೈನಿಕರ ಮಕ್ಕಳಿಗೆ ಹದಿನೈದೇ ದಿನದಲ್ಲಿ ಕಾರ್ಡು ಬರುತ್ತೆ. ಅಜ್ಜಿ ಪೋಷಕಿ ಅಂತ ಬರೆದು, ತಂದೆ ಅನ್ನೋ ಕಡೆ ‘ಇಲ್ಲ’ ಅಂತ ಹಾಕ್ಬಿಡಿ. ಯಾರೂ ಬಂದು ನೋಡಲ್ಲ.”

ಅವಳು ಕೆಟ್ಟವಳಲ್ಲ. ಮಗುವಿನ ಮೇಲಿನ ಕನಿಕರದಿಂದಲೇ ಹೇಳಿದ್ದಳು. ಹಸಿರು ಬಣ್ಣದ ಆ ಅರ್ಜಿಯನ್ನು ಮೌನಿ ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ತಂದ.

ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು ವಿಷಯ ಹೇಳಿದ. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವರು ಚಾಕು ಕೆಳಗಿಟ್ಟರು.

“ಕಾಗದದಲ್ಲಿ ತಾನೇ ಅಳಿಯಂದ್ರೇ? ಬರೆದ ಮಾತ್ರಕ್ಕೆ ಏನಾಗುತ್ತೆ?”

“ನಾನಿಲ್ಲ ಅಂತ ನಾನೇ ಹೇಗೆ ಬರೀಲಿ, ಅತ್ತೆ?”

ಮಗಳು ಕುತ್ತಿಗೆ ಚಾಚಿ ಅರ್ಜಿಯನ್ನು ಓದಿದಳು. ಲೆಕ್ಕದ ಪುಸ್ತಕ ಮುಚ್ಚಿ, ತೀರಾ ಸಲೀಸಾಗಿ, “ಬರೆದುಬಿಡು ಅಪ್ಪ. ಸ್ಕೂಲಲ್ಲಿ ಯಾರಿಗೂ ಗೊತ್ತಾಗಲ್ಲ. ಇನ್ಸುಲಿನ್ ಸಿಗುತ್ತಲ್ಲ, ಸಾಕು,” ಎಂದಳು.

ಅವಳು ಅತ್ತಿದ್ದರೆ ಬಹುಶಃ ಮೌನಿ ಅವತ್ತೇ ಸಹಿ ಹಾಕಿಬಿಡುತ್ತಿದ್ದ. ಹನ್ನೊಂದು ವರ್ಷದ ಮಗು ಔಷಧಿಗಾಗಿ ಅಪ್ಪನನ್ನು ಬಿಟ್ಟುಕೊಡಲು ಇಷ್ಟು ಸುಲಭವಾಗಿ ತಯಾರಾದದ್ದು ಕಂಡು ಅವನು ಅರ್ಜಿಯನ್ನು ತನ್ನತ್ತ ಎಳೆದುಕೊಂಡ. ತಪ್ಪು ಮಗುವಿನದಲ್ಲ. ಇಂಥ ಮಾತನ್ನು ಅವಳ ಬಾಯಿಂದ ಹೊರಡಿಸಿದ ಆ ಕಾಗದದ್ದು.

“ಇಲ್ಲ,” ಎಂದ. ಹಸಿರು ಅರ್ಜಿಯನ್ನು ಬೀರುವಿನೊಳಗೆ, ಪದಕದ ಡಬ್ಬಿಯ ಕೆಳಗೆ ತಳ್ಳಿದ.

ಅಲ್ಲಿಂದ ಅವನು ಕಾಲಿಗೆ ಚಕ್ರ ಕಟ್ಟಿಕೊಂಡ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ವೃದ್ಧಾಶ್ರಮದಲ್ಲಿ ಹಾಸಿಗೆ ಹಿಡಿದವರ ಗಡ್ಡ ಹೆರೆದ. ಅಂಗಡಿ ಮುಚ್ಚಿದ ಮೇಲೆ ನಡೆಯಲಾಗದವರ ಮನೆಗಳಿಗೆ ಪೆಟ್ಟಿಗೆ ಹಿಡಿದು ಹೋದ. ಮಗಳ ಔಷಧಿ ಈಗ ಹೊರಗಿನ ಅಂಗಡಿಯಿಂದ ಬರುತ್ತಿತ್ತು. ಅಪ್ಪನ ಕೈಬೆರಳುಗಳ ಸಂದಿಯಲ್ಲಿ ಕತ್ತರಿಯ ಬೊಬ್ಬೆ ಒಡೆದದ್ದನ್ನು, ಊಟಕ್ಕೆ ಕೂತಲ್ಲೇ ಅವನು ತೂಕಡಿಸುವುದನ್ನು ಮಗಳು ನೋಡುತ್ತಿದ್ದಳು. ಯಾರಿಗೂ ಹೇಳದೆ ಅವಳೊಂದು ತೀರ್ಮಾನ ಮಾಡಿದಳು. ಹತ್ತು ಟಿಕ್ ತಿರುಗಿಸಬೇಕಾದಲ್ಲಿ ಆರು ತಿರುಗಿಸಿದಳು. ಒಂದು ತಿಂಗಳ ಔಷಧಿ ಒಂದೂವರೆ ತಿಂಗಳು ಬರಲಿ ಎಂದು.

ಒಂದು ಮಧ್ಯಾಹ್ನ ಮೌನಿ ಒಬ್ಬ ಕಂಡಕ್ಟರನ ಅರ್ಧ ಗಡ್ಡ ತೆಗೆದಿದ್ದಾಗ ಶಾಲೆಯಿಂದ ಫೋನು ಬಂತು. ಉಳಿದರ್ಧವನ್ನು ಹಾಗೇ ಬಿಟ್ಟು ಓಡಿದ. ನೊರೆ ಹಚ್ಚಿಕೊಂಡಿದ್ದ ಕಂಡಕ್ಟರನೇ ಹಿಂದಿನಿಂದ ಓಡಿಬಂದು ಡಿಪೋದ ಜೀಪು ಹೊರಡಿಸಿ ಅವನನ್ನು ಕರೆದೊಯ್ದ. ಆಟದ ಮೈದಾನದಲ್ಲಿ ವಾಂತಿ ಮಾಡಿಕೊಂಡು ಬಿದ್ದ ಮಗುವಿನ ಉಸಿರಿಗೆ ಕೊಳೆತ ಹಣ್ಣಿನ ವಾಸನೆಯಿತ್ತು. ಸಕ್ಕರೆ ಏರಿ ರಕ್ತವೇ ಹುಳಿಯಾಗಿದೆ, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಐದನೇ ದಿನ ಮಗಳು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವಂತಾದಾಗ ನಿಜ ಹೊರಬಿತ್ತು. ಅತ್ತೆ ಅಳಿಯನನ್ನು ವಾರ್ಡಿನ ಹೊರಗೆ ಕರೆದರು. ಮದುವೆಯಾದಾಗಿನಿಂದ ಒಂದು ಸಲವೂ ಅವನ ಮೇಲೆ ದನಿ ಏರಿಸದಿದ್ದ ಹೆಂಗಸು.

“ನಿಮ್ಮ ಮಾನ ದೊಡ್ಡದೋ ನನ್ನ ಮೊಮ್ಮಗಳ ಜೀವ ದೊಡ್ಡದೋ? ಒಬ್ಬಳನ್ನ ಕಳ್ಕೊಂಡಿದ್ದೀನಿ ನಾನು. ಇನ್ನೊಬ್ಬಳನ್ನ ಕಳ್ಕೊಳೋ ಶಕ್ತಿ ನನಗಿಲ್ಲ. ನಾಳೆ ಆ ಹಸಿರು ಕಾಗದ ಕೊಟ್ಟು ಬನ್ನಿ. ನಾನು ಸಹಿ ಹಾಕ್ತೀನಿ.”

ಮೌನಿ ಆಗಲಿ ಎಂಬಂತೆ ತಲೆಯಾಡಿಸಿದ.

ಡಾಕ್ಟರಮ್ಮ ಮಗುವನ್ನು ಮನೆಗೆ ಕಳಿಸುವಾಗ, ಹೇಗೋ ಹೊಂದಿಸಿ ಎರಡು ತಿಂಗಳ ಔಷಧಿಯನ್ನು ಚೀಲಕ್ಕೆ ಹಾಕಿ ಕೊಟ್ಟರು. ಅಲ್ಲಿಂದ ಮುಂದೆ ಪ್ರತಿ ಸಲ ಅಜ್ಜಿಯೇ ಪಕ್ಕದಲ್ಲಿ ಕೂತು, ಕಿವಿಯನ್ನು ಪೆನ್ನಿಗೆ ಹತ್ತಿರ ತಂದು ಟಿಕ್ಕುಗಳನ್ನು ಎಣಿಸಿದರು.

ಹಸಿರು ಅರ್ಜಿ ತುಂಬಿ ತಯಾರಾಯಿತು. ತಂದೆ: ಇಲ್ಲ. ಅದನ್ನು ಹಿಡಿದು ಮೌನಿ ನಾಲ್ಕನೇ ಕೌಂಟರಿನ ಸಾಲಿನಲ್ಲಿ ನಿಂತ. ಅವನ ಮುಂದೆ ಒಬ್ಬ ದಪ್ಪನೆಯ ಮನುಷ್ಯ, ತೋಳಿನ ಮೇಲೆಲ್ಲ ಒಲೆಯ ಸುಟ್ಟ ಗುರುತು, ಬೇಕರಿ ಕೆಲಸದವನು. ಗುಮಾಸ್ತೆ ಅವತ್ತು ರಜೆ. ಅವಳ ಜಾಗದಲ್ಲಿದ್ದ ಹೊಸಬ ಪರದೆಯತ್ತ ನೋಡುತ್ತಲೇ, “ಇಂಥ ಕೇಸು ಇದೇ ಮೊದಲು ಸಾರ್. ಮೇಲಿನವರನ್ನ ಕೇಳ್ಬೇಕು,” ಎಂದ.

“ಎರಡು ವರ್ಷದಿಂದ ಮೇಲಿನವರನ್ನೇ ಕೇಳ್ತಿದ್ದೀರಲ್ಲಪ್ಪ,” ಎಂದ ಬೇಕರಿಯವನು. “ಎಷ್ಟು ಮೇಲಿದ್ದಾರೆ ಅವರು?”

ಮೌನಿಯ ಕಿವಿ ನೆಟ್ಟಗಾಯಿತು. ಬೇಕರಿಯವನು ಕಾಗದ ಮಡಿಸಿಕೊಂಡು ತಿರುಗಿದಾಗ ಅವನ ತೋಳು ಹಿಡಿದ.

“ನಿಮ್ಮ ಮನೆಯವರು...?”

“ನೌಕಾಪಡೆ. ವೈರ್‌ಲೆಸ್ ಆಪರೇಟರು. ಹೋಗಿ ಮೂರು ವರ್ಷ ಆಯ್ತು. ಮಗನ ಹೃದಯದಲ್ಲಿ ತೂತಿದೆ.” ಅವನು ಜೇಬಿನಿಂದ ಸವೆದ ಕಾಗದವೊಂದನ್ನು ತೆಗೆದ. ‘ಇದು ಈ ಬಗೆಯ ಮೊದಲ ಪ್ರಕರಣವಾಗಿರುವುದರಿಂದ...’ ಅದೇ ಸಹಿ, ಅದೇ ಮೊಹರು. ತಾರೀಖು ಮಾತ್ರ ಮೌನಿಯ ಕಾಗದಕ್ಕಿಂತ ಒಂದೂವರೆ ವರ್ಷ ಹಿಂದಿನದು.

ಹಾಗಾದರೆ ತಾನು ಮೊದಲನೆಯವನಲ್ಲ. ಇವನು ಮೊದಲನೆಯವನೇ? ಯಾರು ಕಂಡರು?

“ಮುಂದೆ ಬನ್ನಿ,” ಎಂದ ಕೌಂಟರಿನವನು.

ಮೌನಿ ಹಸಿರು ಅರ್ಜಿಯನ್ನು ಅಲ್ಲೇ ಎರಡಾಗಿ, ನಾಲ್ಕಾಗಿ ಹರಿದ. ಮನೆಗೆ ಹೋಗಿ ಎರಡು ಕಾಗದಗಳ ಜೆರಾಕ್ಸನ್ನು ಅತ್ತೆಯ ಮುಂದಿಟ್ಟು, ಎರಡು ಸಲ ಓದಿ ಹೇಳಿದ. “ಎರಡು ತಿಂಗಳ ಔಷಧಿ ಇದೆ, ಅತ್ತೆ. ಎರಡು ತಿಂಗಳು ಕೊಡಿ ನನಗೆ. ಆಗದಿದ್ರೆ ನೀವು ಹೇಳಿದ ಹಾಗೆ.”

ಅತ್ತೆ ಜೆರಾಕ್ಸುಗಳನ್ನು ಜೋಡಿಸಿ ಮಡಿಸಿದರು. ಆಮೇಲೆ, “ಎರಡೇ ತಿಂಗಳು,” ಎಂದರು.

ಮರುವಾರ ಕಚೇರಿಯ ಗೋಡೆಯ ಮೇಲೆ, ನೀರಿನ ಡ್ರಮ್ಮಿನ ಪಕ್ಕ, ಕೈಬರಹದ ಚೀಟಿಯೊಂದು ಕಾಣಿಸಿತು. ‘ನಿಮ್ಮ ಹೆಂಡತಿ ಸೇನೆಯಲ್ಲಿದ್ದು ತೀರಿಕೊಂಡಿದ್ದಾರೆಯೇ? ನಿಮ್ಮದು ಮೊದಲ ಕೇಸು ಎಂದರೆ? ದಯವಿಟ್ಟು ಬಂದು ಮಾತಾಡಿ. ಬಸ್ ಡಿಪೋ ಎದುರಿನ ಸಲೂನು.’ ಕಾವಲುಗಾರ ಅದನ್ನು ಕಿತ್ತು ಕೈಗೆ ಕೊಟ್ಟ.

“ಅನುಮತಿ ಇಲ್ಲದೆ ಗೋಡೆಗೆ ಏನೂ ಅಂಟಿಸೋ ಹಾಗಿಲ್ಲ ಸ್ವಾಮಿ.”

ಮೌನಿ ಜೇಬಿನಿಂದ ಎರಡು ಪಿನ್ನು ತೆಗೆದು ಚೀಟಿಯನ್ನು ತನ್ನ ಅಂಗಿಯ ಎದೆಗೆ ಚುಚ್ಚಿಕೊಂಡು, ಬಾಗಿಲೆದುರಿನ ಬೆಂಚಿನಲ್ಲಿ ನೆಟ್ಟಗೆ ಕೂತ.

“ಇದೇನ್ರೀ ಇದು?”

“ಗೋಡೆಗಲ್ಲವಲ್ಲ. ನನಗೆ ಅಂಟಿಸ್ಕೊಂಡಿದ್ದೀನಿ.”

ಕಾವಲುಗಾರ ತಲೆ ಕೆರೆದುಕೊಂಡ. ಮನುಷ್ಯರಿಗೆ ಅಂಟಿಸಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ರಜೆಯ ದಿನ ಪೂರ್ತಿ, ಉಳಿದ ದಿನ ಅಂಗಡಿ ತೆರೆಯುವ ಮೊದಲಿನ ಒಂದು ಗಂಟೆ, ಅವನು ಹಾಗೆ ಕೂತ. ಜನ ಓದಿದರು, ಕೆಲವರು ನಕ್ಕರು, ಒಬ್ಬಾಕೆ ಅವನ ಭುಜ ತಟ್ಟಿ ಹೋದಳು. ನಾಲ್ಕನೇ ದಿನ ಒಬ್ಬ ಬಸ್ ಮೆಕ್ಯಾನಿಕ್ ಬಂದು ಪಕ್ಕದಲ್ಲಿ ಕೂತ. ಎರಡನೇ ವಾರ ನಿವೃತ್ತ ಅಂಚೆಯವರೊಬ್ಬರು ಊರುಗೋಲು ಊರಿಕೊಂಡು ಬಂದರು. ಅವರ ಹೆಂಡತಿ ಯುದ್ಧಕಾಲದ ನರ್ಸು, ತೀರಿಕೊಂಡು ಹನ್ನೊಂದು ವರ್ಷ. “ನನಗೂ ಹಾಗೇ ಅಂದ್ರು ಕಣಪ್ಪ. ನಾನೊಬ್ಬನೇ ಅಂದ್ಕೊಂಡು ಸುಮ್ಮನಾಗ್ಬಿಟ್ಟೆ,” ಎಂದರು. ತಮ್ಮ ಕಾಗದವನ್ನು ಅವರು ಹನ್ನೊಂದು ವರ್ಷವೂ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡಿದ್ದರು. ಏಳನೇ ವಾರದ ಹೊತ್ತಿಗೆ ಸಲೂನಿನ ಕನ್ನಡಿಯ ಅಂಚಿಗೆ ಒಂಬತ್ತು ಜೆರಾಕ್ಸ್ ಸಿಕ್ಕಿಸಿದ್ದವು. ಒಂಬತ್ತೂ ಮೊದಲ ಪ್ರಕರಣಗಳು.

ನಾಲ್ಕನೇ ಕೌಂಟರಿನ ಗುಮಾಸ್ತೆ ಇದನ್ನೆಲ್ಲ ಕಿಟಕಿಯೊಳಗಿಂದ ನೋಡುತ್ತಿದ್ದಳು. ಒಂದು ದಿನ ಊಟದ ವೇಳೆಗೆ ಬಂದು ಮೌನಿಯ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

“ಆ ಹಸಿರು ಅರ್ಜಿ ಕೊಟ್ಟು ತಪ್ಪು ಮಾಡಿದೆ ನಾನು.”

“ನೀವು ಒಳ್ಳೇದಕ್ಕೇ ಹೇಳಿದ್ರಿ ಮೇಡಂ.”

“ಸಾಹೇಬ್ರನ್ನ ಕಾಣೋಕೆ ಸಮಯ ಕೊಡಿಸ್ತೀನಿ. ಒಂಬತ್ತು ಜನಾನೂ ಬನ್ನಿ.”

ಸಾಹೇಬರ ಕೋಣೆಯಲ್ಲಿ ಆರೇ ಕುರ್ಚಿಗಳಿದ್ದವು. ಅಂಚೆಯವರನ್ನೂ ವಯಸ್ಸಾದವರನ್ನೂ ಕೂರಿಸಿ ಉಳಿದವರು ಗೋಡೆಗೆ ಒರಗಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತಾಡುವವರು ಯಾರು? ಬೇಕರಿಯವನು ಮೊಣಕೈಯಿಂದ ಮೌನಿಯನ್ನು ತಿವಿದ.

ಮೌನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೈಯಲ್ಲಿ ಕತ್ತರಿಯಿಲ್ಲದೆ ಯಾರ ಮುಂದೂ ನಿಂತು ಅಭ್ಯಾಸವಿರಲಿಲ್ಲ.

“ಸಾಹೇಬ್ರೇ, ನನಗೆ ಮಾತು ಬರಲ್ಲ. ಓದ್ತೀನಿ.”

ಮೊದಲ ಕಾಗದ ಓದಿದ. ತಾರೀಖು ಹೇಳಿದ. ಎರಡನೆಯದು ಓದಿದ. ತಾರೀಖು ಹೇಳಿದ. ಐದನೆಯದಕ್ಕೆ ಬರುವಷ್ಟರಲ್ಲಿ ಸಾಹೇಬರ ಕಿವಿ ಕೆಂಪಾಗಿತ್ತು.

“ಸಾಕು, ಅರ್ಥ ಆಯ್ತು.”

“ಇನ್ನೂ ನಾಲ್ಕಿದೆ ಸಾರ್,” ಎಂದು ಮೌನಿ ಆರನೆಯದನ್ನು ಎತ್ತಿಕೊಂಡ. ಒಂಬತ್ತನ್ನೂ ಓದಿಯೇ ಮುಗಿಸಿದ.

ಸಾಹೇಬರು ಕೆಟ್ಟ ದನಿಯಲ್ಲೇನೂ ಮಾತಾಡಲಿಲ್ಲ. “ನೋಡಿ, ನಿಮ್ಮ ಸಂಕಟ ನನಗೆ ಗೊತ್ತಾಗುತ್ತೆ. ಆದ್ರೆ ನಿಯಮ ವಿಧವೆ ಅಂತಿದೆ. ಈ ಅರ್ಜಿ ಇಪ್ಪತ್ತಾರು ವರ್ಷದಿಂದ ನಡೀತಾ ಬಂದಿದೆ. ನಿಯಮ ತಿದ್ದೋದು ನನ್ನ ಕೈಲಿಲ್ಲ.”

“ನಿಯಮ ಹಾಗಿಲ್ಲ ಸಾರ್,” ಎಂದಿತು ಬಾಗಿಲಿನಿಂದ ಒಂದು ದನಿ. ಗುಮಾಸ್ತೆ ನಿಂತಿದ್ದಳು, ಕಂಕುಳಲ್ಲಿ ಬಟ್ಟೆಯ ರಟ್ಟು ಕಟ್ಟಿದ ದಪ್ಪ ಪುಸ್ತಕ. “ದಾಸ್ತಾನು ಕೋಣೇಲಿ ಹುಡುಕಿದೆ. ಹದಿನೇಳನೇ ನಿಯಮ. ‘ಮೃತ ಸೈನಿಕರ ಪತಿ ಅಥವಾ ಪತ್ನಿ.’ ಅರ್ಜಿ ಅಚ್ಚು ಹಾಕ್ಸಿದವರು ಪತಿ ಅನ್ನೋದನ್ನ ಬಿಟ್ಟಿದ್ದಾರೆ. ಕಂಪ್ಯೂಟರ್ ಮಾಡಿದವರು ಅರ್ಜಿ ನೋಡಿ ಮಾಡಿದ್ದಾರೆ. ಪುಸ್ತಕ ಯಾರೂ ನೋಡಿಲ್ಲ.” ಪುಸ್ತಕವನ್ನು ಮೇಜಿನ ಮೇಲಿಟ್ಟು, “ನಾನೂ ನೋಡಿರ್ಲಿಲ್ಲ,” ಎಂದಳು.

ಸಾಹೇಬರು ಪುಸ್ತಕ ಎಳೆದುಕೊಂಡು ಓದಿದರು. ಇನ್ನೊಮ್ಮೆ ಓದಿದರು. ಅಂಚೆಯವರು ಕರವಸ್ತ್ರ ಹುಡುಕತೊಡಗಿದರು.

“ಸರಿ. ಅರ್ಜಿ, ಕಂಪ್ಯೂಟರು ಎರಡೂ ತಿದ್ದೋಕೆ ಬರೀತೀನಿ. ನಾಲ್ಕೈದು ತಿಂಗಳು ಆಗ್ಬಹುದು.”

“ನನ್ನ ಮಗಳ ಹತ್ರ ಎಂಟು ದಿನದ ಔಷಧಿ ಇದೆ ಸಾರ್,” ಎಂದ ಮೌನಿ.

“ಅದಕ್ಕೆ ನಾನೇನು...”

“ಹದಿನೇಳನೇ ನಿಯಮ ಬರೆದು, ಇವರಿಗೆ ಚಿಕಿತ್ಸೆ ಕೊಡಿ ಅಂತ ಒಂದು ಕಾಗದ ಕೊಡಿ. ಕೈಲೇ ಬರೆದ್ರೂ ಸರಿ. ನಿಮ್ಮ ಸಹಿ, ಮೊಹರು ಇದ್ರೆ ಸಾಕು.”

“ನೋಡೋಣ, ನಾಳೆ...”

“ಕಾಯ್ತೀವಿ ಸಾರ್.”

ಹೊರಗೆ ಬಂದು ಒಂಬತ್ತು ಜನ ಬೆಂಚುಗಳಲ್ಲಿ ಕೂತರು. ಒಂಬತ್ತೂ ಕಾಗದ ಆಗುವ ತನಕ ಯಾರೂ ಏಳಬಾರದೆಂದು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡರು. ಬೇಕರಿಯವನು ತಂದಿದ್ದ ಬನ್ನು ಹಂಚಿದ. ಕಾವಲುಗಾರನೂ ಒಂದು ತಿಂದ. ಸಂಜೆ ಕಚೇರಿ ಮುಚ್ಚಲು ಹತ್ತು ನಿಮಿಷವಿದ್ದಾಗ, ಗುಮಾಸ್ತೆ ಒಂಬತ್ತು ಕಾಗದಗಳನ್ನು ಹಿಡಿದು ಬಂದು ಒಬ್ಬೊಬ್ಬರ ಹೆಸರು ಕೂಗಿದಳು. ಮೊಹರಿನ ಶಾಯಿ ಇನ್ನೂ ಆರಿರಲಿಲ್ಲ.

ಮರುದಿನ ಬೆಳಿಗ್ಗೆ ಔಷಧಿ ಕಿಟಕಿಯವನು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದು, ಮೂರು ತಿಂಗಳ ಇನ್ಸುಲಿನ್ನನ್ನು ಎಣಿಸಿ ಕೊಟ್ಟ. ಮಗಳು ಡಬ್ಬಿಗಳನ್ನು ಫ್ರಿಜ್ಜಿನ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದಳು. ಅಪ್ಪನ ಕಡೆ ತಿರುಗದೆ, “ಅವತ್ತು ಹಾಗೆ ಹೇಳಬಾರದಿತ್ತು ನಾನು,” ಎಂದಳು.

“ಟಿಕ್ಕು ಕಮ್ಮಿ ಮಾಡಿದ್ದೇ ತಪ್ಪು. ಉಳಿದದ್ದೇನೂ ತಪ್ಪಲ್ಲ,” ಎಂದ ಮೌನಿ. ಅವಳು ಬಂದು ಅವನ ಸೊಂಟಕ್ಕೆ ಹಣೆ ಒತ್ತಿ ನಿಂತಳು.

ಕಾರ್ಡುಗಳು ಬರಲು ಐದಲ್ಲ, ಆರು ತಿಂಗಳು ಹಿಡಿಯಿತು. ಬೇಕರಿಯವನ ಮಗನಿಗೆ ಅಷ್ಟರಲ್ಲಿ ಆ ಕಾಗದದ ಬಲದ ಮೇಲೇ ಶಸ್ತ್ರಚಿಕಿತ್ಸೆ ಆಗಿತ್ತು. ಅಂಚೆಯವರು ಕಾರ್ಡು ಕಾಣಲಿಲ್ಲ. ಬರುವುದಕ್ಕೆ ಎರಡು ವಾರ ಮೊದಲು ಹೋಗಿಬಿಟ್ಟರು. ಅವರ ಹೆಸರಿನ ಕಾರ್ಡನ್ನು ಏನು ಮಾಡುವುದೆಂದು ತಿಳಿಯದೆ ಗುಮಾಸ್ತೆ ಅದನ್ನು ಮೌನಿಯ ಕೈಗಿತ್ತಳು. ಎಂಟು ಜನರೂ ಹೋಗಿ ಅದನ್ನು ಅವರ ಮಗಳಿಗೆ ಕೊಟ್ಟು ಬಂದರು.

ಮೌನಿಯ ಕಾರ್ಡಿನಲ್ಲಿ ಅವನ ಫೋಟೋ ಇತ್ತು, ಮೀಸೆ ಸಮೇತ. ಹೆಸರಿನ ಹಿಂದೆ ಮಾತ್ರ ‘ಶ್ರೀಮತಿ’ ಎಂದು ಅಚ್ಚಾಗಿತ್ತು. ತಿದ್ದಿಸಿಕೊಡುತ್ತೇನೆ, ಒಂದು ತಿಂಗಳು ಇಲ್ಲೇ ಬಿಟ್ಟುಹೋಗಿ ಎಂದಳು ಗುಮಾಸ್ತೆ. ಮೌನಿ ಕಾರ್ಡನ್ನು ಗಟ್ಟಿಯಾಗಿ ಹಿಡಿದುಕೊಂಡು, “ಬೇಡ ಮೇಡಂ. ಶ್ರೀಮತಿಯೇ ಆಗ್ಲಿ, ಕೈಗೆ ಬಂದದ್ದನ್ನ ಬಿಡಲ್ಲ ನಾನು,” ಎಂದ. ಕೌಂಟರಿನ ಹಿಂದೆ ಅವಳು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು.

ಆ ಕಾರ್ಡಿನ ಹಿಂಬದಿಯಲ್ಲಿ ಅವಲಂಬಿತರ ಪಟ್ಟಿಯಿತ್ತು. ಮಗಳ ಹೆಸರಿನ ಕೆಳಗೆ ಅತ್ತೆಯ ಹೆಸರು. “ನನಗೇನಾಗಿದೆ? ಬೆಳಕು ಸ್ವಲ್ಪ ಕಮ್ಮಿ ಅಷ್ಟೇ,” ಎನ್ನುತ್ತಿದ್ದ ಅವರನ್ನು ಮೌನಿ ಕಣ್ಣಿನ ವಿಭಾಗಕ್ಕೆ ಕರೆದೊಯ್ದು ಕೂರಿಸಿದ. ಎರಡೂ ಕಣ್ಣಲ್ಲಿ ಪೊರೆ ಹಣ್ಣಾಗಿತ್ತು. ಬಲಗಣ್ಣಿನದನ್ನು ಮೊದಲು ತೆಗೆದರು.

ಮರುದಿನ ಪಟ್ಟಿ ಬಿಚ್ಚಿದ ನರ್ಸು ಮೂರು ಬೆರಳು ತೋರಿಸಿ ಎಷ್ಟು ಎಂದು ಕೇಳಿದಳು.

“ಮೂರು,” ಎಂದರು ಅತ್ತೆ. “ನಡುಬೆರಳಿನ ಉಗುರುಬಣ್ಣ ಕಿತ್ತುಹೋಗಿದೆ, ನೋಡ್ಕೋ.” ಆಮೇಲೆ ಪಕ್ಕಕ್ಕೆ ತಿರುಗಿ ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಮುಖ ಬದಲಾಯಿತು.

“ಅಳಿಯಂದ್ರೇ, ತಲೆಯೆಲ್ಲ ಬೆಳ್ಳಗಾಗಿದೆಯಲ್ಲ! ಯಾವಾಗ ಆಯ್ತು ಇದು?”

“ಹೋದ ವರ್ಷ, ಅತ್ತೆ.”

ಅತ್ತೆ ಕೈಚಾಚಿ ಅವನ ತಲೆಯ ಮೇಲೊಮ್ಮೆ ಕೈಯಾಡಿಸಿದರು. ಕಣ್ಣಿಗೆ ನೀರು ತಾಗಿಸಬಾರದೆಂದು ನರ್ಸು ಎಚ್ಚರಿಸುತ್ತಲೇ ಇದ್ದಳು. ಮೌನಿ ಔಷಧಿಯ ಚೀಟಿ ತೆಗೆದುಕೊಂಡು ಕಿಟಕಿಯ ಸಾಲಿನಲ್ಲಿ ನಿಲ್ಲಲು ಹೊರಟ. ಎಡಗಣ್ಣಿಗೆ ಮುಂದಿನ ತಿಂಗಳು ಎಂಟನೇ ತಾರೀಖು ಕೊಟ್ಟಿದ್ದರು.